ಇಲ್ಲದ ಬ್ರೇಕು ತುಳಿಯುತ್ತಿದ್ದ ಮೇಷ್ಟ್ರು

ಪರೀಕ್ಷೆಯ ಫಲಿತಾಂಶ ಬಂದ ವಾರ ಆ ಬೀದಿಯಲ್ಲಿ ಎರಡು ಬಾಗಿಲ ಮುಂದೆ ಜನ ಸೇರುತ್ತಿದ್ದರು. ಒಂದು ಸಿಹಿ ಅಂಗಡಿ. ಇನ್ನೊಂದು ಡ್ರೈವಿಂಗ್ ಮೇಷ್ಟ್ರ ಮನೆ. ಮಗನನ್ನು ಯಾವ ಕೋರ್ಸಿಗೆ ಹಾಕೋಣ, ಮಗಳಿಗೆ ಯಾವುದು ಸರಿ ಅಂತ ಅವನನ್ನು ಕೇಳುತ್ತಿದ್ದರು. ಕಾರು ಕಲಿಸುವವನಿಗೆ ಓದಿನ ವಿಷಯ ಏನು ಗೊತ್ತು? ಏನೂ ಗೊತ್ತಿರಲಿಲ್ಲ. ಆದರೆ ಅವನು ಎರಡು ಕೋರ್ಸು ಸೇರಿ ಎರಡನ್ನೂ ಬಿಟ್ಟು, ಮೂರನೆಯದರ ಬಾಗಿಲ ತನಕ ಹೋಗಿ ವಾಪಸ್ ಬಂದವನು. ಇಷ್ಟು ಸಲ ದಾರಿ ತಪ್ಪಿದವನಿಗೆ ದಾರಿ ಗೊತ್ತಿರಬೇಕು ಅಂತ ಜನ ಅಂದುಕೊಂಡಿದ್ದರು.

ಅವನು ಅಂಕ ಕೇಳುತ್ತಿರಲಿಲ್ಲ. ಬಂದ ಹುಡುಗನನ್ನೋ ಹುಡುಗಿಯನ್ನೋ ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಕೇಳುತ್ತಿದ್ದ.

"ಯಾವುದ್ರಲ್ಲಿ ತಪ್ಪು ಮಾಡಿದ್ರೆ ನಿನಗೆ ಊಟ ಸೇರಲ್ಲ?"

ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದವು. ಅಪ್ಪ ಅಮ್ಮಂದಿರು ಮುಖ ಗಂಟಿಕ್ಕುತ್ತಿದ್ದರು.

"ಯಾವುದು ಇಷ್ಟ ಅಂತ ಕೇಳಿ ಮೇಷ್ಟ್ರೇ. ತಪ್ಪಿನ ಮಾತು ಈಗ್ಯಾಕೆ?"

"ಇಷ್ಟ ಅಂತ ಕೇಳಿದ್ರೆ ಎಲ್ಲರೂ ಸಿನಿಮಾ ಅಂತಾರೆ ಕಣ್ರೀ," ಅನ್ನುತ್ತಿದ್ದ.

ಈಗ ಅವನಿಲ್ಲ. ಬೆಳಿಗ್ಗೆ ಹಲ್ಲುಜ್ಜಿದ, ಕನ್ನಡಿ ಮುಂದೆ ಕೂತ, ಹೃದಯ ನಿಂತಿತು. ಅಷ್ಟೇ. ಈ ವರ್ಷ ಫಲಿತಾಂಶ ಬಂದಾಗ ಒಬ್ಬ ತಾಯಿ ಮಗಳ ಕೈ ಹಿಡಿದು ಬಾಗಿಲ ತನಕ ಬಂದಳು. ಬಂದ ಮೇಲೆ ನೆನಪಾಯಿತು. ಚಪ್ಪಲಿ ಬಿಡದೆ ಹಾಗೇ ಹೊರಟುಹೋದಳು. ಆ ಹುಡುಗಿಗೆ ಅವನ ಪ್ರಶ್ನೆ ಸಿಗಲಿಲ್ಲ. ಆ ಪ್ರಶ್ನೆ ಎಲ್ಲಿಂದ ಬಂತು ಅನ್ನೋದನ್ನಾದರೂ ಹೇಳಬೇಕು.

ಶಾಲೆಯಲ್ಲಿ ಅವನು ಜಾಣನಲ್ಲ. ದಡ್ಡನೂ ಅಲ್ಲ. ಏನು ಹೇಳಿಕೊಟ್ಟರೂ ಮೊದಲ ಸಲಕ್ಕೆ ತಲೆಗೆ ಹೋಗುತ್ತಿರಲಿಲ್ಲ. ಎರಡನೇ ಸಲಕ್ಕೂ ಹೋಗುತ್ತಿರಲಿಲ್ಲ. ಒಮ್ಮೆ ಹೋಯಿತೋ, ಆಮೇಲೆ ಹೊರಗೆ ಬರುತ್ತಿರಲಿಲ್ಲ. ಶಾಲೆ ಮುಗಿದ ಕೂಡಲೇ ಮನೆಯವರೆಲ್ಲ ಅವನ ಮುಂದಿನ ಜೀವನದ ಮೇಲೆ ಮುಗಿಬಿದ್ದರು. ಭಾವ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. "ಲ್ಯಾಬ್ ಕೋರ್ಸ್ ಮಾಡ್ಲಿ. ಜನಕ್ಕೆ ಕಾಯಿಲೆ ಬರೋದು ನಿಲ್ಲಲ್ಲ, ಇವನಿಗೆ ಸಂಬಳ ಬರೋದೂ ನಿಲ್ಲಲ್ಲ," ಅಂದ. ಅಮ್ಮ, "ಕೈಕೆಲಸ ಕಲೀಲಿ, ವೈರಿಂಗ್ ಕಲೀಲಿ," ಅಂದಳು. ಅಣ್ಣ ಸ್ವಂತ ಆಫೀಸು ಇಟ್ಟು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುತ್ತಿದ್ದ. "ಲೆಕ್ಕ ಓದ್ಲಿ. ಬೇರೆ ಮಾತೇ ಬೇಡ," ಅಂದ. ಇವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನ ಹತ್ತಿರ ಉತ್ತರ ಇರಲಿಲ್ಲ ಬಿಡಿ.

ಭಾವನ ಧ್ವನಿ ದೊಡ್ಡದು. ಲ್ಯಾಬ್ ಕೋರ್ಸಿಗೆ ಸೇರಿಸಿದರು.

ಅಲ್ಲಿ ರಕ್ತ ತೆಗೆಯೋಕೆ ಸೂಜಿ ಹಿಡಿದವನು, ಎದುರಿಗೆ ಕೂತವರ ಮುಖ ನೋಡಿ ಸೂಜಿ ಕೆಳಗಿಟ್ಟುಬಿಡುತ್ತಿದ್ದ. ತೋಳಿಗೆ ಈ ಪಟ್ಟಿ ಯಾಕೆ ಕಟ್ಟೋದು, ನರ ಯಾಕೆ ಉಬ್ಬುತ್ತೆ, ನೋವು ಎಷ್ಟು ಹೊತ್ತು ಇರುತ್ತೆ, ಎಲ್ಲ ಬಿಡಿಸಿ ಹೇಳುತ್ತಿದ್ದ. ಅವರ ಹೆದರಿಕೆ ಇಳಿಯುತ್ತಿತ್ತು. ಹಿಂದೆ ಕಾಯುವವರ ಸಾಲು ಮಾತ್ರ ಬೆಳೆದು, ಮೆಟ್ಟಿಲಿಳಿದು ಗೇಟಿನ ಹೊರಗೆ ಹೋಗುತ್ತಿತ್ತು. "ನೀನು ರಕ್ತ ತೆಗೀತೀಯೋ ಇಲ್ಲ ಭಾಷಣ ಮಾಡ್ತೀಯೋ?" ಅಂತ ಲ್ಯಾಬಿನ ಮೇಡಂ ಕೇಳಿದರು. ವರ್ಷ ತುಂಬುವ ಮೊದಲೇ ಮನೆಗೆ ಕಳಿಸಿದರು.

ಆಮೇಲೆ ವೈರಿಂಗ್. ಒಂದು ಮನೆಗೆ ಸ್ವಿಚ್ ಹಾಕಲು ಹೋದವನು, ಆ ಮನೆಯ ಅಜ್ಜಿಗೆ ಫ್ಯೂಸ್ ಕಟ್ಟೋದು ಕಲಿಸಿ ಬಂದ. ಸ್ವಿಚ್ ಹಾಕಿರಲಿಲ್ಲ. ಅಜ್ಜಿ ಆ ಕಟ್ಟಡದವರಿಗೆಲ್ಲ ತಾನೇ ಫ್ಯೂಸ್ ಕಟ್ಟಿಕೊಡಲು ಶುರು ಮಾಡಿದಳು. ಕಂಟ್ರಾಕ್ಟರನಿಗೆ ಹೊಟ್ಟೆ ಉರಿಯಿತು. "ನೀನು ನನ್ನ ಹತ್ರ ಕೆಲಸ ಕಲಿಯೋಕೆ ಬಂದ್ಯೋ, ನನ್ನ ಕೆಲಸ ಕಳೆಯೋಕೆ ಬಂದ್ಯೋ?" ಅಂತ ಬಾಗಿಲು ತೋರಿಸಿದ.

ಎರಡು ಕಡೆಯೂ ಅವನು ಮಾಡಿದ್ದು ಒಂದೇ ಕೆಲಸ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅವನ ಕಣ್ಣಿಗೂ ಬೀಳಲಿಲ್ಲ.

ಕೊನೆಗೆ ಅಣ್ಣನ ಆಫೀಸಿಗೆ ಬಂದ. ಎರಡು ಮೇಜು, ಒಂದು ಫ್ಯಾನು, ಗೋಡೆ ತುಂಬ ಫೈಲು. ಅಲ್ಲಿ ವರ್ಷಗಟ್ಟಲೆ ಕೂತ. ಮದುವೆಯಾಯಿತು, ಒಂದು ಮಗುವೂ ಆಯಿತು. ಕೂಡಿದ್ದನ್ನೇ ಕೂಡಿದ. ತಪ್ಪು ಮಾಡಿದ, ಅಣ್ಣ ಬೈದ, ಇವನು ತಲೆಯಾಡಿಸಿದ. ಮನೆಗೆ ಬಂದು ಎರಡು ಸಲ ಹಾಕಿಸಿಕೊಂಡು ಉಂಡು ಮಲಗಿದ. ಮೈ ಮಾತ್ರ ದುಂಡಗಾಯಿತು.

ಅಣ್ಣ ಕಾರು ತಗೊಂಡ. ಅಣ್ಣನ ಚಾಲನೆ ಅಂದರೆ ದೇವರೇ ಗತಿ. ಫೋನಿನಲ್ಲಿ ಮಾತಾಡುತ್ತಾ, ಎಡಗಡೆ ಅಂಗಡಿ ಬೋರ್ಡು ಓದುತ್ತಾ, ಮುಂದಿನವರನ್ನು ಬೈಯುತ್ತಾ ಓಡಿಸುತ್ತಿದ್ದ. ಇವನು ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದ. ಎದುರಿಗೆ ಏನೇ ಬಂದರೂ ಇವನ ಕಾಲು ನೆಲಕ್ಕೆ ದಡ್ ಅಂತ ಬಡಿಯುತ್ತಿತ್ತು. ಅಲ್ಲಿ ಬ್ರೇಕು ಇಲ್ಲ, ಬರೀ ರಬ್ಬರಿನ ಚಾಪೆ. ಆದರೂ ದಡ್. ಅಣ್ಣ ಅವನಿಗೆ 'ಬ್ರೇಕು' ಅಂತಲೇ ಹೆಸರಿಟ್ಟ. ಆ ಚಟ ಕಾರಿನಲ್ಲೇ ನಿಲ್ಲಲಿಲ್ಲ. ಮನೆಯಲ್ಲಿ ಟಿವಿ ನೋಡುವಾಗ, ಮಗು ಓಡಿ ಬಂದು ಮೇಜಿನ ಅಂಚಿಗೆ ತಲೆ ಕೊಡುವಾಗ, ಹೆಂಡತಿ ಬಿಸಿ ಪಾತ್ರೆ ಎತ್ತುವಾಗ, ದಡ್. ಅವನ ಕುರ್ಚಿಯ ಮುಂದೆ ನೆಲಹಾಸು ಅಲ್ಲಿ ಮಾತ್ರ ಸವೆದು ತೂತಾಗಿದೆ. ಈಗ ಆ ಸದ್ದಿಲ್ಲ. ಮನೆ ತೀರಾ ಸುಮ್ಮನಿದೆ. ನೆಲಹಾಸು ಬದಲಾಯಿಸಿಲ್ಲ.

ಜೀವ ಉಳಿಸಿಕೊಳ್ಳಲು ಇವನೇ ಡ್ರೈವಿಂಗ್ ಕಲಿತ. ಅಣ್ಣನ ಆಫೀಸಿನ ಕೆಳಗಡೆಯೇ ಒಂದು ಡ್ರೈವಿಂಗ್ ಸ್ಕೂಲು. ಎಲ್ಲರೂ ಒಂದು ತಿಂಗಳಲ್ಲಿ ಕಲಿತರೆ ಇವನಿಗೆ ಅರ್ಧ ವರ್ಷ ಹಿಡಿಯಿತು. ಆಮೇಲೆ ಅಣ್ಣನನ್ನು ಹಿಂದೆ ಕೂರಿಸಿಕೊಂಡು ತಾನೇ ಓಡಿಸಿದ. ಗೀರು ಬಿದ್ದಿಲ್ಲ. ಹೊತ್ತಿಗೆ ಸರಿಯಾಗಿ ತಲುಪಿದ್ದೂ ಇಲ್ಲ.

ಒಂದು ದಿನ ಅಣ್ಣ ಹೇಳಿದ, "ಲೋ ಬ್ರೇಕು, ದೊಡ್ಡ ಲೆಕ್ಕದ ಕೋರ್ಸಿಗೆ ನಿನಗೆ ಸೀಟು ಹಿಡಿದಿದ್ದೀನಿ. ಸಂಜೆ ಕ್ಲಾಸು. ಮುಗಿಸ್ಕೊಂಡು ಬಾ, ಬೋರ್ಡಿನ ಮೇಲೆ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು ಬರೆಸ್ತೀನಿ."

ಅಣ್ಣ ಕೆಟ್ಟವನಲ್ಲ. ತಮ್ಮನ ಮೇಲೆ ಪ್ರಾಣ. ಅವನಿಗೆ ಗೊತ್ತಿದ್ದ ಪ್ರೀತಿ ಅದೊಂದೇ, ಸೀಟು ಹಿಡಿಯೋದು.

ಇವನು ಹೂಂ ಅಂದ. ಅಂದವನ ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ಮೆಟ್ಟಿಲಿಳಿದು ಬಂದರೆ ಡ್ರೈವಿಂಗ್ ಸ್ಕೂಲಿನ ಯಜಮಾನರು ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು. ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದವರಿಲ್ಲ. ಬೀದಿಯವರು ಅವರನ್ನು ಹಾರನ್ನು ಅಂತ ಕರೆಯುತ್ತಿದ್ದರು. ಕಲಿಸುವ ಮೇಷ್ಟ್ರು ಬಸ್ಸು ಓಡಿಸಲು ಹೋಗಿಬಿಟ್ಟಿದ್ದ. ಕಲಿಯುವವರು ಸಾಲು ನಿಂತಿದ್ದರು.

ಇವನ ಬಾಯಿಂದ ಮಾತು ತಾನಾಗಿ ಜಾರಿತು. "ನಾನು ಕಲಿಸ್ಲಾ?"

ಹಾರನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ? ಅರ್ಧ ವರ್ಷ ನನ್ನ ಕ್ಲಚ್ಚು ತಿಂದೋನು ನೀನು!"

"ಅದಕ್ಕೇ ಸಾರ್. ಎಲ್ಲೆಲ್ಲಿ ಅರ್ಥ ಆಗಲ್ಲ ಅನ್ನೋದು ನನಗೆ ಬಾಯಿಪಾಠ."

ಹಾರನ್ನು ನಕ್ಕರು. ಆ ನಗೆಗೆ ಮೇಲಿನ ಕಿಟಕಿ ತೆರೆದು ಅಣ್ಣ ಇಣುಕಿದ. ಹಾರನ್ನು ಇವನಿಗೆ ಹೇಳಿದರು, "ಸರಿ. ಬೇಕರಿಯಕ್ಕ ಗೊತ್ತಲ್ಲ? ಇಬ್ಬರು ಮೇಷ್ಟ್ರು ಅವಳಿಗೆ ಕೈಮುಗಿದಿದ್ದಾರೆ. ಅವಳನ್ನ ಪಾಸು ಮಾಡ್ಸು. ಮಾಡಿಸಿದ್ರೆ ಕೆಲಸ ನಿಂದು. ಇಲ್ಲಾಂದ್ರೆ ಮೆಟ್ಟಿಲು ಹತ್ಕೊಂಡು ಹೋಗ್ತಾ ಇರು."

ಅಣ್ಣನಿಗೆ ಎಲ್ಲ ಕೇಳಿಸಿತ್ತು. ಕೇಳಿಸದೆ ಇರಲು ಸಾಧ್ಯವೂ ಇರಲಿಲ್ಲ.

"ನಿನಗೇನು ತಲೆ ಕೆಟ್ಟಿದೆಯೇನೋ? ಇಲ್ಲದ ಬ್ರೇಕು ತುಳಿಯೋನು ನೀನು, ಇನ್ನೊಬ್ರಿಗೆ ಕಲಿಸ್ತೀಯಾ?"

"ಒಂದೇ ಸಲ ಅಣ್ಣಾ. ನೋಡ್ತೀನಿ."

"ಅವಳ ಪರೀಕ್ಷೆ ಯಾವಾಗ?"

"ತಿಂಗಳ ಕೊನೆ ಶನಿವಾರ," ಅಂತ ಹಾರನ್ನು ಕೆಳಗಿನಿಂದ ಕೂಗಿದರು.

"ನಿನ್ನ ಕ್ಲಾಸು ಶುರು ಆಗೋದು ಸೋಮವಾರ. ಅವಳು ಫೇಲಾದ್ರೆ ಬಾಯಿ ಮುಚ್ಕೊಂಡು ಕ್ಲಾಸಿಗೆ ಹೋಗ್ಬೇಕು. ಇನ್ನೊಂದು ಸಲ ಈ ಹುಚ್ಚು ಎತ್ತಬಾರದು. ಮಾತು ಕೊಡು."

ಕೊಟ್ಟ.

ಬೇಕರಿಯಕ್ಕ ಸಣ್ಣ ಆಳಲ್ಲ. ಹಿಟ್ಟಿನ ಮೂಟೆ ಒಂದೇ ಕೈಯಲ್ಲಿ ಎಳೆಯುವವಳು, ಬಿಸಿ ಒಲೆಯ ಬಾಯಿಗೆ ಮುಖ ಕೊಟ್ಟು ನಿಲ್ಲುವವಳು. ಗಂಡನ ಬೆನ್ನು ಹಿಡಿದುಕೊಂಡು ಅವನು ವ್ಯಾನು ಓಡಿಸುವ ಹಾಗಿರಲಿಲ್ಲ. ಬ್ರೆಡ್ಡು ಅಂಗಡಿಗಳಿಗೆ ಹೋಗಲೇಬೇಕು. ಆದರೆ ಚಕ್ರ ತಿರುಗಿದ ಕೂಡಲೇ ಅಕ್ಕ ಕಣ್ಣು ಮುಚ್ಚಿಬಿಡುತ್ತಿದ್ದಳು.

ಮೊದಲ ದಿನ ಅವಳು ಡ್ರೈವರ್ ಬಾಗಿಲ ಹತ್ತಿರ ಹೋದಳು. ಇವನು ತಡೆದ.

"ಅಕ್ಕಾ, ನೀವು ಆ ಕಡೆ ಕೂತ್ಕೊಳ್ಳಿ. ನನ್ನ ಸೀಟಲ್ಲಿ."

"ಯಾಕೆ? ನನ್ನ ಕೈಲಿ ಆಗಲ್ಲ ಅಂತ ಈಗ್ಲೇ ತೀರ್ಮಾನ ಮಾಡಿದ್ರಾ?"

"ಇಲ್ಲಕ್ಕಾ. ಇವತ್ತು ನಾನು ಓಡಿಸ್ತೀನಿ. ನೀವು ನಿಲ್ಲಿಸ್ತೀರಿ."

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಡೆಯೂ ಒಂದು ಬ್ರೇಕು ಇರುತ್ತೆ. ಅಕ್ಕನ ಕಾಲನ್ನು ಅದರ ಮೇಲೆ ಇಡಿಸಿದ. ಊರು ಸುತ್ತಿದ. "ನಿಮಗೆ ಯಾವಾಗ ಹೆದರಿಕೆ ಆಗುತ್ತೋ ಆಗ ತುಳೀರಿ. ನನ್ನ ಕೇಳಬೇಡಿ." ಅಕ್ಕ ತುಳಿದಳು. ತುಳಿದೇ ತುಳಿದಳು. ಕೋಳಿಗೆ ತುಳಿದಳು, ಹಾರಿ ಬಂದ ಕಾಗದಕ್ಕೆ ತುಳಿದಳು, ದೂರದ ಲಾರಿಗೆ ತುಳಿದಳು. ಹಿಂದಿನವರು ಬೈದು ಬೈದು ಸುಸ್ತಾದರು. ವಾರ ಕಳೆಯುವಷ್ಟರಲ್ಲಿ ಅಕ್ಕನ ಕಣ್ಣು ತೆರೆದಿತ್ತು.

"ಅಯ್ಯೋ, ಇದು ನಾನು ಹೇಳಿದ್ರೆ ನಿಲ್ಲುತ್ತೆ ಮೇಷ್ಟ್ರೇ!"

ಅವನನ್ನು ಮೇಷ್ಟ್ರೇ ಅಂತ ಯಾರಾದರೂ ಕರೆದದ್ದು ಅದೇ ಮೊದಲು. ಮನೆಗೆ ಬಂದು ಆ ಮಾತನ್ನು ಹೆಂಡತಿಗೆ ಎರಡು ಸಲ ಹೇಳಿದ.

ಆಮೇಲೆ ಸೀಟು ಬದಲಾಯಿತು. ಕ್ಲಚ್ಚು ತಲೆಗೆ ಹೋಗದಾಗ ಇವನು ಎರಡು ಅಂಗೈ ಮುಂದೆ ಹಿಡಿದ. "ಈ ಕೈ ತಿರುಗ್ತಾ ಇದೆ, ಅದು ಇಂಜಿನ್ನು. ಈ ಕೈ ಸುಮ್ನೆ ಕೂತಿದೆ, ಅದು ಚಕ್ರ. ಒಂದೇ ಸಲ ಬಡಿದ್ರೆ ಜಗಳ. ಮೆಲ್ಲಗೆ ತಾಗಿಸಿ, ಇದೂ ತಿರುಗೋಕೆ ಶುರು ಮಾಡುತ್ತೆ." ಅಕ್ಕ ಹಿಟ್ಟು ಮೆತ್ತಿದ ಕೈಯಲ್ಲಿ ಹಾಗೇ ಮಾಡಿ ನೋಡಿದಳು. ಕಾರು ಜರ್ಕು ಹೊಡೆಯದೆ ಹೊರಟಿತು.

ಅಕ್ಕ ಎಲ್ಲ ಸರಿಯಾಗಿ ಮಾಡಿದಳು. ತಿರುವಿನಲ್ಲಿ ನಿಧಾನ, ಶಾಲೆಯ ಮುಂದೆ ನಿಧಾನ, ಅಡ್ಡ ಬಂದವರಿಗೆ ನಿಲುಗಡೆ. ಇವನು ನಿಜವಾದ ಬ್ರೇಕು ಮುಟ್ಟುವ ಪ್ರಸಂಗವೇ ಬರಲಿಲ್ಲ. ಆಗಾಗ ಇನ್ನೊಂದು ಕಾಲು ಮಾತ್ರ ತನ್ನ ಹಳೇ ಚಟಕ್ಕೆ ನೆಲಕ್ಕೆ ದಡ್ ಅನ್ನುತ್ತಿತ್ತು. ಅದು ಅವನ ಗಮನಕ್ಕೇ ಬರುತ್ತಿರಲಿಲ್ಲ. "ಪಾಸಾಗ್ತಾರೆ," ಅಂತ ಮನೆಯಲ್ಲಿ ಹೇಳಿದ. "ನೋಡ್ತಾ ಇರು."

ಶನಿವಾರ ಬಂತು. ಪರೀಕ್ಷೆ ಮಾಡುವ ಸಾಹೇಬರು ಮುಂದೆ ಕೂತರು. ಆಗೆಲ್ಲ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂರಬಹುದಿತ್ತು. ಕೂತ. ಅಕ್ಕ ಹೊರಡಿಸಿದಳು, ತಿರುಗಿಸಿದಳು, ಹಿಂದಕ್ಕೆ ತಂದಳು. ಸಾಹೇಬರು ತಲೆದೂಗಿದರು. ಇನ್ನು ಗೇಟಿಗೆ ವಾಪಸ್ ಹೋದರೆ ಮುಗಿಯಿತು. ಖಾಲಿ ರಸ್ತೆ.

ಅಷ್ಟು ದೂರದಲ್ಲಿ ಒಬ್ಬ ಸೈಕಲ್ಲಿನವನು ರಸ್ತೆಗೆ ಇಳಿಯೋಣವೋ ಬೇಡವೋ ಅಂತ ನಿಂತಿದ್ದ.

ಹಿಂದಿನ ಸೀಟಿನಿಂದ, ದಡ್.

ಅಕ್ಕ ಇದ್ದಬದ್ದ ಬಲವೆಲ್ಲ ಹಾಕಿ ಬ್ರೇಕು ತುಳಿದಳು. ಕಾರು ನಟ್ಟನಡುವೆ ಕಲ್ಲಾಗಿ ನಿಂತಿತು. ಸಾಹೇಬರ ಕನ್ನಡಕ ಹಾರಿ ಎದುರಿನ ಗಾಜಿಗೆ ಬಡಿಯಿತು. ಸೈಕಲ್ಲಿನವನು ಅಲ್ಲೇ ನಿಂತು ಇವರನ್ನು ನೋಡಿ ನಗುತ್ತಿದ್ದ.

"ಏನಮ್ಮಾ ಇದು? ಯಾರಿಗೆ ಬ್ರೇಕು ಹಾಕಿದ್ರಿ? ಗಾಳಿಗಾ?" ಸಾಹೇಬರು ಕನ್ನಡಕ ಒರೆಸಿಕೊಂಡರು. "ಫೇಲ್."

ಕಾರಿನಿಂದಿಳಿದ ಮೇಲೆ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಇವನು, "ಯಾಕಕ್ಕಾ ಹಾಗೆ ತುಳಿದ್ರಿ? ಅವನು ಅಷ್ಟು ದೂರ ಇದ್ದ," ಅಂದ.

"ಯಾರು ದೂರ ಇದ್ದ? ನಾನೆಲ್ಲಿ ನೋಡಿದೆ? ನಿಮ್ಮ ಕಾಲು ಸದ್ದು ಮಾಡ್ತು, ನಾನು ತುಳಿದೆ. ದಿನಾ ಹಾಗೇ ಅಲ್ವಾ ಮಾಡೋದು?"

ಇವನು ತನ್ನ ಕಾಲು ನೋಡಿಕೊಂಡ. ಶಾಲೆಯ ಮುಂದೆ, ತಿರುವಿನಲ್ಲಿ, ಅಡ್ಡ ಬಂದವರ ಮುಂದೆ, ಅಕ್ಕ ರಸ್ತೆ ನೋಡಿ ನಿಲ್ಲಿಸಿರಲಿಲ್ಲ. ಇವನ ಕಾಲು ಕೇಳಿ ನಿಲ್ಲಿಸಿದ್ದಳು. ಅವಳು ಕಲಿತದ್ದು ಕಾರನ್ನಲ್ಲ. ಅವನನ್ನು.

ಅಕ್ಕ, "ಹೋಗ್ಲಿ ಬಿಡಿ ಮೇಷ್ಟ್ರೇ. ಬ್ರೆಡ್ಡು ಇಳಿಸಬೇಕು," ಅಂತ ಹೊರಟುಹೋದಳು. ಹಾರನ್ನು ಅವತ್ತು ಕೂಗಲೂ ಇಲ್ಲ. ಬೆರಳಲ್ಲಿ ಮೆಟ್ಟಿಲು ತೋರಿಸಿದರು.

ಮನೆಗೆ ಬಂದವನು ತಟ್ಟೆಯ ಮುಂದೆ ಕೂತು ಎದ್ದ. ಭಾನುವಾರ ಬೆಳಿಗ್ಗೆಯೂ ಮುಟ್ಟಲಿಲ್ಲ, ಮಧ್ಯಾಹ್ನವೂ ಇಲ್ಲ. ಮನೆಯೊಳಗೆ ಆ ಕಡೆಯಿಂದ ಈ ಕಡೆ ತಿರುಗಿದ. ಕುರ್ಚಿ ಮೇಲೆ ಕೂತು ಕಾಲು ಮಡಚಿ ತೊಡೆಯಡಿ ಸೇರಿಸಿದ, ಮತ್ತೆ ಇಳಿಬಿಟ್ಟ, ಮತ್ತೆ ಸೇರಿಸಿದ. ತನ್ನಷ್ಟಕ್ಕೇ ಏನೋ ಹೇಳಿಕೊಂಡ. ಮಗು ಅವನನ್ನು ನೋಡಿ ನಕ್ಕಿತು.

ಅಣ್ಣ ಬಂದ. ಕ್ಲಾಸಿನ ಪುಸ್ತಕಗಳ ಕಟ್ಟು ತಂದಿದ್ದ. "ನಾಳೆ ಸಂಜೆ. ಮರೀಬೇಡ," ಅಂದ. ಗೆದ್ದವನ ಹಾಗೆ ಹೇಳಲಿಲ್ಲ. ತಮ್ಮನ ಮುಖ ನೋಡಿ ಅವನಿಗೂ ಬೇಜಾರಾಗಿತ್ತು. ಟೀ ಕುಡಿದು ಹೋದ.

ಹೆಂಡತಿ ತಟ್ಟೆ ಎತ್ತುತ್ತಾ ಹೇಳಿದಳು, "ರೀ, ಒಂದು ಮಾತು."

"ಹೂಂ."

"ಅಣ್ಣನ ಆಫೀಸಲ್ಲಿ ಎಷ್ಟು ಸಲ ತಪ್ಪು ಮಾಡಿದ್ದೀರಿ?"

"ಲೆಕ್ಕ ಇಟ್ಟಿಲ್ಲ."

"ಒಂದು ದಿನಾನಾದ್ರೂ ಊಟ ಬಿಟ್ಟಿದ್ದೀರಾ?"

ಅವನು ತಲೆ ಎತ್ತಿದ.

"ಬೈಸ್ಕೊಂಡು ಬಂದು ಎರಡು ಸಲ ಹಾಕಿಸ್ಕೋತಿದ್ರಿ. ಮಾಡಿ ಹಾಕೋಳು ನಾನು, ನನಗೆ ಗೊತ್ತಿಲ್ವಾ? ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ. ಕೆಲಸ ಹೋಯ್ತು ಅಂತಾನಾ?"

"ಕೆಲಸದ ಯೋಚನೆ ಅಲ್ವೇ," ಅಂದ. "ಆ ಅಕ್ಕನ ಕಣ್ಣನ್ನ ರಸ್ತೆ ಮೇಲೆ ತರೋದು ಹೇಗೆ ಅಂತ."

"ಹಾಗಾದ್ರೆ ಆ ಪುಸ್ತಕ ವಾಪಸ್ ಕೊಡಿ. ಹೊಸದಾಗಿವೆ, ಅಂಗಡಿಯೋನು ತಗೋತಾನೆ."

"ಮಾತು ಕೊಟ್ಟಿದ್ದೀನಿ ಕಣೇ."

"ಮುರೀರಿ. ಅಣ್ಣ ತಾನೇ, ಕೊಲ್ಲಲ್ಲ."

ಸೋಮವಾರ ಸಂಜೆ ಅವನು ಕ್ಲಾಸಿನ ಕಟ್ಟಡದ ತನಕ ಹೋದ. ಬಾಗಿಲಲ್ಲಿ ಅಣ್ಣ ಕಾಯುತ್ತಿದ್ದ, ಎಲ್ಲಿ ತಪ್ಪಿಸಿಕೊಳ್ಳುತ್ತಾನೋ ಅಂತ. ಇವನು ಪುಸ್ತಕದ ಕಟ್ಟನ್ನು ಅಣ್ಣನ ಕೈಗೆ ಕೊಟ್ಟ.

"ಅಣ್ಣಾ, ಇದು ನನ್ನಿಂದಾಗಲ್ಲ. ಓದಬಹುದು, ಪಾಸೂ ಆಗಬಹುದು. ಆದ್ರೆ ಇದ್ರಲ್ಲಿ ತಪ್ಪಾದ್ರೆ ನನಗೇನೂ ಅನ್ನಿಸಲ್ಲ. ಅಂಥೋನ ಹೆಸರು ನಿನ್ನ ಬೋರ್ಡಿನ ಮೇಲೆ ಬೇಡ."

ಅಣ್ಣ ಕಟ್ಟನ್ನು ತಿರುಗಿಸಿ ನೋಡಿದ. "ಮಾತು ಕೊಟ್ಟಿದ್ದೆಯಲ್ಲೋ."

"ಹೂಂ. ಮುರೀತಿದ್ದೀನಿ. ಬೈಯಿ."

"ಬೈದ್ರೆ ಬರ್ತೀಯಾ?"

"ಇಲ್ಲ."

"ಹಾಗಾದ್ರೆ ಬಾಯಿ ಯಾಕೆ ನೋಯಿಸ್ಕೊಳ್ಳಲಿ?" ಅಣ್ಣ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಮೂರು ತಿಂಗಳು ಮಾತು ಬಿಟ್ಟ. ಆಮೇಲೆ ಮಗಳನ್ನು ಕಾರು ಕಲಿಯಲು ಕಳಿಸಿದ. ತಾನೂ ಬಂದು ಹಿಂದೆ ಕೂತ.

ಹಾರನ್ನಿನ ಮುಂದೆ ನಿಂತು ಇವನು ನೇರವಾಗಿ ಹೇಳಿದ. "ಅಕ್ಕ ಫೇಲಾಗಿಲ್ಲ ಸಾರ್. ಫೇಲಾಗಿದ್ದು ನನ್ನ ಕಾಲು. ಇನ್ನೊಂದು ಸಲ ಕೊಡಿ. ಅಲ್ಲೀ ತನಕ ಕಾರು ತೊಳೀತೀನಿ."

"ತಪ್ಪು ನಂದೇ ಅನ್ನೋ ಮೇಷ್ಟ್ರನ್ನ ಇಟ್ಕೊಂಡ್ರೆ ನನ್ನ ಅಂಗಡಿ ಮುಚ್ಚುತ್ತೆ ಕಣಯ್ಯಾ!" ಹಾರನ್ನು ಕೂಗಿದರು. ಕೂಗಿದರು ಅಂದರೆ ಸಿಟ್ಟು ಇಳಿದಿದೆ ಅಂತ ಅರ್ಥ. "ಬಕೆಟ್ಟು ಹಿಂದುಗಡೆ ಇದೆ."

ಬೇಕರಿಯಕ್ಕನನ್ನು ಕರೆತರುವುದೇ ಕಷ್ಟವಾಯಿತು. ಬಂದವಳು ನೋಡಿದರೆ ಮೇಷ್ಟ್ರು ಚಪ್ಪಲಿ ಹೊರಗೆ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತೊಡೆಗಳ ಮೇಲೆ ಒಂದು ಟವೆಲ್ಲು ಸುತ್ತಿ ಗಂಟು ಹಾಕಿಕೊಂಡಿದ್ದ. ಒಂದು ಕೈ ಕೈಬ್ರೇಕಿನ ಮೇಲೆ.

"ಇದೇನು ಮೇಷ್ಟ್ರೇ ಅವತಾರ? ಊಟಕ್ಕೆ ಕೂತಿದ್ದೀರಾ?"

"ಕಾಲನ್ನ ಕಟ್ಟಿಹಾಕಿದ್ದೀನಿ ಅಕ್ಕಾ. ಇನ್ನು ನಿಮಗೆ ಯಾವ ಸದ್ದೂ ಬರಲ್ಲ. ಏನು ಕಾಣುತ್ತೆ ಅಂತ ನೀವೇ ನನಗೆ ಹೇಳ್ತಾ ಹೋಗಿ."

ಮೊದಲು ಖಾಲಿ ಮೈದಾನ. ಆಮೇಲೆ ಗಲ್ಲಿ. ಆಮೇಲೆ ರಸ್ತೆ. ಅಕ್ಕ ಬಾಯಿಬಿಟ್ಟು ಹೇಳುತ್ತಾ ಓಡಿಸಿದಳು. "ಅಗೋ ಒಬ್ಬ ಮುದುಕ ಬಂದ, ನಿಲ್ಲಿಸ್ತೀನಿ. ಅಗೋ ನಾಯಿ, ಅದು ದಾಟಲ್ಲ, ಹೋಗ್ತೀನಿ. ಈ ಬಸ್ಸಿನೋನಿಗೆ ಕಣ್ಣಿಲ್ಲ, ಬಿಟ್ಟುಬಿಡ್ತೀನಿ." ಟವೆಲ್ಲಿನೊಳಗೆ ಇವನ ಕಾಲು ಮೀನಿನ ಹಾಗೆ ಒದ್ದಾಡುತ್ತಿತ್ತು. ಗಂಟು ಬಿಚ್ಚಲಿಲ್ಲ. ಕಲಿಸುವುದು ಅಂದರೆ ಸುಮ್ಮನಿರುವುದು ಅಂತ ಅವನು ಆಗ ಕಲಿತ. ಅದಕ್ಕೆ ಯಾವ ಕೋರ್ಸೂ ಇಲ್ಲ.

ಎರಡನೇ ಪರೀಕ್ಷೆಯ ದಿನ ಸಾಹೇಬರು, "ಮೇಷ್ಟ್ರು ಬರಲ್ವಾ?" ಅಂದರು. ಇವನು ಬರಲ್ಲ ಅಂದ. ಗೇಟಿನ ಹೊರಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತ. ಕಾರು ಹೋಯಿತು. ಕಾರು ಬಂತು. ಅಷ್ಟು ಹೊತ್ತೂ ಅವನು ಆ ಗೋಡೆಗೆ ಅಂಟಿಸಿದ್ದ ಸೋಪಿನ ಜಾಹೀರಾತು ಓದುತ್ತಿದ್ದ. ಆಮೇಲೆ ಮನೆಯಲ್ಲಿ ಅದನ್ನು ಬಾಯಿಪಾಠ ಹೇಳಿ ತೋರಿಸಿದ.

"ಮೇಷ್ಟ್ರೇ!" ಅಕ್ಕನ ಕೂಗು ಹಾರನ್ನನ್ನೂ ಮೀರಿಸಿತು.

ಮಾರನೇ ವಾರ ಬೆಳಿಗ್ಗೆ ಅವನು ಸ್ಕೂಲಿನ ಮುಂದೆ ನಿಂತು ಹೊಸಬರೊಬ್ಬರಿಗೆ ಕನ್ನಡಿ ಸರಿ ಮಾಡಿಕೊಳ್ಳುವುದು ಹೇಳಿಕೊಡುತ್ತಿದ್ದ. ಬ್ರೆಡ್ಡಿನ ವ್ಯಾನು ಬಂತು. ಅವನು ಕೈಯೆತ್ತಿದ. ಅಕ್ಕ ನೋಡಲಿಲ್ಲ. ಎರಡು ಕೈಯೂ ಸ್ಟೀರಿಂಗಿನ ಮೇಲೆ, ಕಣ್ಣು ಮುಂದೆ, ತುಟಿ ಮಾತ್ರ ಅಲ್ಲಾಡುತ್ತಿತ್ತು, ಏನೇನು ಕಾಣುತ್ತೋ ಅದನ್ನೆಲ್ಲ ಹೇಳಿಕೊಳ್ಳುತ್ತಾ. ತಿರುವಿನಲ್ಲಿ ನಿಧಾನ ಮಾಡಿ ಹೋದಳು.

ಅವತ್ತು ಮಧ್ಯಾಹ್ನ ಮನೆಗೆ ಬಂದು ಕೈ ತೊಳೆಯುತ್ತಲೇ ಕೇಳಿದ, "ಏನು ಮಾಡಿದ್ದೀಯೇ? ಜಾಸ್ತಿ ಹಾಕು."